ಫೇಲ್ ಆದ್ರ ಜೋಳಗಿ

ನಾ ಎಲ್ಲೆ ಹೋದ್ರೂ ಮೊದಲ ನನ್ನ ಕಾಲಿಗೆ ಮರ್ಯಾದಿ, ಆಮ್ಯಾಲ ನನಗ. ಜಂಭ ಕೊಚ್ಚಾಕತ್ತಿಲ್ರಿ, ಇದು ಹುಟ್ಟಾ ಬಂದ ತಾಪತ್ರಯ. ಹಿಂಗಾಗಿ ಬ್ಯಾರೆಯವರಿಗೆ ಆಗಲಾರದ ಫಜೀತಿ ನನಗ ಆಗ್ತಾನಽ ಇರ್ತಾವ. ನಾಕಾರು ಹೇಳ್ತೇನಿ, ಕೇಳ್ರಿ.

ನಮ್ಮದು ಗಡಹಿಂಗ್ಲಜ ಹತ್ತಿರದ ಒಂದು ಹಳ್ಳಿ. ನಮ್ಮ ಮನಿತನ ಊರ ಅಯ್ಯಾರದು. ಕೂಸಿಗೆ ಹೆಸರಿಡೂದು, ಲಿಂಗಾ ಕಟ್ಟೂದು, ಮದವಿ ಮಾಡಸೂದು, ಸತ್ತವರನ್ನ ಮಣ್ಣಿಗೆ ಕಳಸೂದು, ಸೋಮವಾರಕ್ಕೊಮ್ಮೆ ಜೋಳಗಿ ಹಾಕ್ಕೊಂಡು ಮನಿಮನಿಗೆ ಹೋಗೂದು, ಇಷ್ಟು ನಮ್ಮ ಕೆಲಸ. ಯಾವ ಮನಿಗೆ ಹೋದ್ರೂ ಹೊಸ್ತಲದಾಗ ನಿಲ್ಲಿಸಿ ಕಾಲಿಗೆ ನೀರು ಹಾಕಿ, ಕೈಮುಗದು, ಆಮ್ಯಾಲ ಒಳಗ ಕರೀತಾರ.

ಐವತ್ತು ದಾಟಿದ ಮ್ಯಾಲ ನಾ ಇದನ್ನೆಲ್ಲಾ ಬಿಟ್ಟೆ. ನನಗ ಅಕ್ಷರಾ ಕಲಿಸಿದ ಮಾಸ್ತರು ತೀರಿಕೊಂಡಿದ್ರು. ನಮ್ಮಲ್ಲಿ ಪದ್ಧತಿ ಅಂದ್ರ, ಮಣ್ಣ ಮಾಡೂ ಮೊದಲ ಅಯ್ಯಾರು ಸತ್ತವರ ತಲಿ ಮ್ಯಾಲ ಪಾದ ಇಡಬೇಕು. ಅವರ ತಲಿ, ನನ್ನ ಕಾಲು. ಇಟ್ಟೆ. ಮಂದಿ ಕೈ ಮುಗದ್ರು. ಮನಿಗೆ ಬಂದು ಕಾಲು ಎಷ್ಟು ತೊಳದ್ರೂ ಜೀವಕ್ಕ ಸಮಾಧಾನ ಆಗಲಿಲ್ಲ. ದೇವರು ಅದಾನೋ ಇಲ್ಲೋ ಅಂತ ಭಾಳ ದಿನದಿಂದ ಒಂದು ಸಂಶಯ ಇತ್ತು, ಆವತ್ತು ಆ ಸಂಶಯಾನೂ ಹೋತು. ಕೊರಳಾನ ಲಿಂಗಾ ಬಿಚ್ಚಿ ಜಗಲಿ ಮ್ಯಾಲ ಇಟ್ಟು, "ಪೂಜಿ ಇನ್ನ ತಮ್ಮ ನೋಡ್ಕೊಳ್ಳಲಿ, ನಾ ಕಾಲೇಜಿಗೆ ಹೋಗ್ತೇನಿ" ಅಂದೆ.

ಹೆಂಡತಿ ಅಳಲಿಲ್ಲ, ಕರೀಲಿಲ್ಲ. ಒಲಿ ಮುಂದ ಕುಂತು ರೊಟ್ಟಿ ಬಡಕೋತ ಕೇಳಿದ್ಲು, "ಡಿಗ್ರಿ ಆದ ಮ್ಯಾಲ ಏನ್ರಿ?"

"ಆದ ಮ್ಯಾಲ ಹಿಂಗಽ. ಮತ್ತ ಅಯ್ಯಾ ಆಗಂಗಿಲ್ಲ."

"ಆಗದಿದ್ರ?"

ಸಿಟ್ಟಿನಾಗ ಅಂದುಬಿಟ್ಟೆ, "ಆಗದಿದ್ರ ತಿರಗಿ ಇಬತ್ತಿ ಹಚ್ಕೊಂಡು, ಲಿಂಗಾ ಕಟ್ಕೊಂಡು, ಜೋಳಗಿ ಹಾಕ್ಕೋತೇನಿ. ಸಾಕಲ್ಲ?"

ಆಕಿ ಎದ್ದು ಕೊಡಾ ತಗೊಂಡ್ಲು. ನೀರು ತರಾಕ ನಳದ ಕಡೆ ಹೋಗಿ ಬಂದ್ಲು. ಸಂಜಿಕ ಊರಿಗೆ ಊರಽ ಸುದ್ದಿ ಮುಟ್ಟಿತ್ತು. ಮರುದಿನ ನೋಡಿದ್ರ, ನನ್ನ ಜೋಳಗಿ ಒಗದು, ಇಸ್ತ್ರಿ ಮಾಡಿ, ಬಾಗಲ ಹಿಂದಿನ ಗೂಟಕ್ಕ ತಯಾರ ತೂಗಹಾಕಿದ್ಲು.

ಮೊದಲನೇ ದಿನದ ಶಾಲು

ಗಡಹಿಂಗ್ಲಜದ ಕಾಲೇಜಿನಾಗ ಬಿ.ಎ.ಗೆ ಹೆಸರು ಹಚ್ಚಿದೆ, ಇತಿಹಾಸ ತಗೊಂಡು. ಪಾಠ ಎಲ್ಲಾ ಮರಾಠಿಯಾಗ. ಅದೇನು ನಮಗ ಹೊಸಾದಲ್ಲ. ಮನ್ಯಾಗ ಕನ್ನಡಾ, ಸಂತ್ಯಾಗ ಮರಾಠಿ, ಜಗಳಕ್ಕ ಎರಡೂ.

ಮೊದಲನೇ ದಿನ ಮುಂದಿನ ಬೆಂಚಿನ ಮ್ಯಾಲ ಕುಂತೆ. ಬಾಜೂ ಕುಂತ ಹುಡುಗ್ರು ನನ್ನ ಮಗಳಿಗಿಂತ ಸಣ್ಣವರು. ಮ್ಯಾಡಂ ಒಳಗ ಬಂದ್ರು. ಎಲ್ಲಾರ ಜೋಡಿ ನಾನೂ ಎದ್ದು ನಿಂತೆ. ಅವರು ಕಟ್ಟಿ ಮ್ಯಾಲ ಹತ್ತಿ ನನ್ನ ನೋಡಿದ್ರು, ಹಂಗಽ ಕೆಳಗ ಇಳದ್ರು. ನೋಡ್ತೇನಿ, ನಮ್ಮೂರ ಹುಡುಗಿ. ತೊಟ್ಟಲದಾಗ ಹಾಕಿ ನಾನಽ ಹೆಸರಿಟ್ಟ ಕೂಸು!

"ಅಯ್ಯಾರ, ನೀವಿಲ್ಲೆ?" ಅಂದ್ಲು.

"ನಾ ಈಗ ಅಯ್ಯಾ ಅಲ್ರಿ ಮ್ಯಾಡಂ, ವಿದ್ಯಾರ್ಥಿ. ಮ್ಯಾಲ ಹತ್ರಿ, ಪಾಠ ಹೇಳ್ರಿ."

"ನೀವು ಕೆಳಗ ಕುಂತಾಗ ನಾ ಹೆಂಗ ಮ್ಯಾಲ ನಿಂದರ್ಲಿ? ನಮ್ಮವ್ವಗ ಗೊತ್ತಾದ್ರ ನನ್ನ ಮನ್ಯಾಗ ಕರಕೊಳ್ಳಂಗಿಲ್ರಿ."

ನಾ ಹತ್ರಿ ಅನ್ನೂದು, ಆಕಿ ಒಲ್ಲೆ ಅನ್ನೂದು. ಹಿಂದಿನ ಬೆಂಚಿನಿಂದ ಒಬ್ಬ ಮರಾಠಿಯಾಗ "ಕೋಣೀತರೀ ಬಸಾ ಹೋ" ಅಂತ ಗೋಗರದ, ಯಾರರೆ ಒಬ್ರು ಕುಂದರ್ರೆಪಾ ಅಂತ. ಕಡೀಕ ಮ್ಯಾಡಂ ಒಂದು ಉಪಾಯ ತಗದ್ರು. ಕಟ್ಟಿ ಮ್ಯಾಲಿನ ಖುರ್ಚಿ ಮ್ಯಾಲ ನಾ ಕುಂದ್ರೂದು, ಆಕಿ ಕೆಳಗ ನಿಂತು ಕಲಸೂದು. ತಾಸು ದಂಡ ಆಗೂಕಿಂತ ಇದ ಚಲೋ ಅಂತ ಹತ್ತಿ ಕುಂತೆ. ಹುಡುಗ್ರೆಲ್ಲಾ ನನ್ನ ಮುಖಾ ನೋಡ್ಕೋತ ಆಕಿ ಮಾತು ಬರಕೊಂಡ್ರು.

ಅಷ್ಟರಾಗ ಪ್ರಿನ್ಸಿಪಾಲರು ಆ ದಾರಿಲೆ ಬಂದ್ರು. ಖುರ್ಚಿ ಮ್ಯಾಲ ಬಿಳಿಗಡ್ಡದ ಮನಷ್ಯಾ, ಮುಂದ ಹುಡುಗ್ರು ಗಪ್ಪಚಿಪ್ಪ. ಹೊರಗಿಂದ ಯಾರೋ ದೊಡ್ಡ ಪಂಡಿತರು ಭಾಷಣಕ್ಕ ಬಂದಾರ ಅಂತ ತಿಳದು ಓಡಿಹೋಗಿ ಶಾಲು, ತೆಂಗಿನಕಾಯಿ ತಂದ್ರು. ನಾ "ಇಲ್ರಿ, ನಾ ಫಸ್ಟ್ ಇಯರ್" ಅಂತ ಹೇಳೂದ್ರಾಗ ಶಾಲು ಹೆಗಲ ಮ್ಯಾಲ ಬಿದ್ದಿತ್ತು. ಹುಡುಗ್ರು ಚಪ್ಪಾಳಿ ತಟ್ಟಿದ್ರು, ಕಳ್ಳರು, ಒಬ್ಬರೂ ಬಾಯಿ ಬಿಡಲಿಲ್ಲ.

ಸಂಜಿಕ ಶಾಲು ಹೊದಕೊಂಡು, ಕಾಯಿ ಹಿಡಕೊಂಡು ಮನಿಗೆ ಬಂದೆ. ಹೆಂಡತಿ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು.

"ಜೋಳಗಿ ಒಯ್ದಿದ್ರ ಚಲೋ ಇತ್ತಲ್ರಿ, ಕಾಯಿ ಇಡಾಕ ಆಗ್ತಿತ್ತು."

ಮುಟ್ಟಿದ ಪೆನ್ನು

ವರ್ಷದ ಪರೀಕ್ಷೆ ಬಂತು. ನಾ ಕಟ್ಟಿ ಮ್ಯಾಲ ಕುಂತಿದ್ದ ಸುದ್ದಿ ಅಷ್ಟರಾಗ ಸುತ್ತ ಹಳ್ಳಿಗೆಲ್ಲಾ ಹಬ್ಬಿತ್ತು. ಪರೀಕ್ಷೆ ಹಾಲಿನ ಮುಂದ ಹುಡುಗ್ರು ಸಾಲಹಚ್ಚಿ ನಿಂತಿದ್ರು. ನಂಬರ್ ನೋಡಾಕ ನಿಂತಾರ ಅಂತ ನಾನೂ ಹಿಂದ ಹೋಗಿ ನಿಂತೆ. ಸಾಲು ಹೊಳ್ಳಿ ನನ್ನ ಕಡೆ ತಿರಗ್ತು.

"ಪೆನ್ನು ಒಮ್ಮೆ ಮುಟ್ಟಿ ಕೊಡ್ರಿ ಅಯ್ಯಾರ."

"ಏ, ನಾ ಇದನ್ನೆಲ್ಲಾ ನಂಬಂಗಿಲ್ಲೋ!"

ಮುಂದ ನಿಂತವ ಭಾಳ ಶಾಂತ ಇದ್ದ. "ನೀವ್ಯಾಕ ನಂಬಬೇಕ್ರಿ? ನಂಬೂದು ನಮಗ ಬಿಡ್ರಿ. ನೀವು ಬರೇ ಮುಟ್ರಿ."

ಒಬ್ಬಂದು ಮುಟ್ಟಿದ್ರ ತಪ್ಪು, ಮುಟ್ಟದಿದ್ರ ಗಂಟಿ ಹೊಡಿಯೂತನಾ ಬಿಡಂಗಿಲ್ಲ. ಒಂದ ಕಡಿಂದ ಮುಟ್ಕೋತ ಹೋದೆ. ಒಬ್ಬಾಕಿ ಅಂತೂ ಹಿಂದಿ ಪೇಪರ್ ಒಂದಕ್ಕ ಸಾಕ್ರಿ, ಉಳಿದದ್ದು ಓದೇನಿ ಅಂದ್ಲು. ಮೇಲ್ವಿಚಾರಣಿಗೆ ಬಂದ ಸರ್ ನನ್ನ ಬಯ್ಯಾಕ ಬಂದವ್ರು, ಸಾಲು ಕರಗಿದ ಮ್ಯಾಲ ತಮ್ಮ ಕಿಸೆದಾನ ಪೆನ್ನು ತಗದು, "ಮಗಾ ಕೋಲ್ಹಾಪುರದಾಗ ಪರೀಕ್ಷೆಕ್ಕ ಕುಂತಾನ, ಇಲ್ಲಿಂದ ಮುಟ್ಟಿದ್ರ ನಡೀತೈತೇನ್ರಿ?" ಅಂದ್ರು.

ತಿಂಗಳ ಮ್ಯಾಲ ರಿಜಲ್ಟ್ ಬಂತು. ನಾ ಮುಟ್ಟಿದ ಪೆನ್ನಿನವರೆಲ್ಲಾ ಪಾಸು. ದಿನಾ ನನ್ನ ಕೈಯಾಗ ಇದ್ದ ಪೆನ್ನಿನಾಂವ, ಅಂದ್ರ ನಾನಽ, ಇತಿಹಾಸದಾಗ ಫೇಲು.

ಎರಡು ಮನಿ ಪೇಡೆ

ಖರೇ ಹೇಳ್ತೇನಿ, ಫೇಲ್ ಅಂತ ನೋಡಿದಾಗ ಜೋಳಗಿ ಕಣ್ಣಮುಂದ ಬಂತು. ಆದ್ರ ಆ ಪೇಪರು ತಿರಗಿ ಬರಿಯಾಕ ಬರ್ತೈತಿ, ಮುಂದಿನ ವರ್ಷಕ್ಕೂ ಹೋಗಾಕ ಬರ್ತೈತಿ ಅಂತ ಗೊತ್ತಾತು. ಉಸಿರು ಬಿಟ್ಟು ಕುಂತು ಯೋಚನಿ ಮಾಡಿದೆ. ಯಾರೋ ಎಲ್ಲೋ ಕುಂತು ನನ್ನ ಉತ್ತರಾ ಓದ್ಯಾರ. ನನ್ನ ಮುಖಾ ನೋಡಿಲ್ಲ, ಮನಿತನಾ ಕೇಳಿಲ್ಲ, ಕಾಲಂತೂ ನೋಡಽ ಇಲ್ಲ. ಇವ ಬರದದ್ದು ಸರಿ ಇಲ್ಲ ಅಂತ ಕೆಂಪು ಗೆರಿ ಎಳದಾರ. ಹುಟ್ಟಿದಾಗಿಂದ ನನಗ ಇಂಥಾ ನ್ಯಾಯ ಸಿಕ್ಕಿರಲಿಲ್ಲ. ಎಷ್ಟು ಖುಷಿ ಆತಂದ್ರ, ಗಡಹಿಂಗ್ಲಜದಾಗ ಪೇಡೆ ತಗೊಂಡು ಊರಿಗೆ ಬಂದು ಹಂಚಾಕ ಸುರು ಮಾಡಿದೆ.

ಅತ್ತಕಡಿಂದ ಊರ ಹಿರ್ಯಾರು ತಾವೂ ಪೇಡೆ ಹಿಡಕೊಂಡು ಬಂದ್ರು. ಅಯ್ಯಾರು ಫೇಲ್ ಆದ್ರಂತ, ಇನ್ನೇನ ತಿರಗಿ ಬರ್ತಾರ ಅಂತ ಅವರಿಗೆ ಸಡಗರ. ಗುಡಿ ಮುಂದ ಎರಡೂ ಪಾರ್ಟಿ ಭೇಟಿ ಆದ್ವಿ. ಅವರು ನನ್ನ ಬಾಯಾಗ ಹಾಕಿದ್ರು, ನಾ ಅವರ ಬಾಯಾಗ ಹಾಕಿದೆ.

ಉಳಿದ ಪೇಡೆ ಎಲ್ಲಾ ನಮ್ಮ ಮನಿಗೇ ಬಂದು ಬಿತ್ತು. ಹೆಂಡತಿ ಡಬ್ಬಿ ಹುಡುಕಿ ಹುಡುಕಿ ಸೋತ್ಲು. "ಪಾಸಾದವರ ಮನ್ಯಾಗೂ ಇಷ್ಟು ಪೇಡೆ ಇರಂಗಿಲ್ರಿ" ಅಂದ್ಲು.

ಕಾಲಿಗೆ ತಣ್ಣೀರು

ಆ ಪೇಪರು ತಿರಗಿ ಬರಿಯಾಕ ಮ್ಯಾಡಂ ಮನಿಗೆ ಟ್ಯೂಶನ್ನಿಗೆ ಹೋದೆ. ಮ್ಯಾಡಂಗ ಕೈಮುಗದು ಹೇಳಿದೆ, "ನೋಡವಾ, ನೀ ಹಿಂಗ ಮರ್ಯಾದಿ ಕೊಟ್ಕೋತ ಕುಂತ್ರ ನನ್ನ ಹೆಗಲಿಗೆ ಜೋಳಗಿ ಬರ್ತೈತಿ. ಉಳಿದ ಹುಡುಗ್ರಿಗೆ ಬೈದಂಗ ನನಗೂ ಬೈ."

ಹುಡುಗಿ ಮೊದಲ ಹಿಂದಮುಂದ ನೋಡಿದ್ಲು. ನಾ ಇಸವಿ ತಪ್ಪಿ ಹೇಳಿದೆ. "ಅಲ್ರಿ" ಅಂದ್ಲು. ಮತ್ತ ತಪ್ಪಿದೆ. "ಅಲ್ರೀ ಅಂದ್ನೆಲ್ಲ" ಅಂದ್ಲು. ಮೂರನೇ ಸಲಕ್ಕ ಆಕಿಗೆ ಖರೇನ ಸಿಟ್ಟು ಬಂತು. "ತಲಿ ಎಲ್ಲಿಟ್ಟೀರಿ? ಎಷ್ಟು ಸಲ ಹೇಳಬೇಕು ನಿಮಗ!" ಅಂತ ಟೇಬಲ್ ಬಡದ್ಲು. ನನಗ ಹಿಗ್ಗೋ ಹಿಗ್ಗು.

ಒಳಗಿದ್ದ ಆಕಿ ಅವ್ವ ಅದನ್ನ ಕೇಳಿದ್ಲು. ಮುಗೀತು. ಗಲ್ಲಾ ಗಲ್ಲಾ ಬಡಕೊಂಡು ತಂಬಿಗಿ ನೀರು ತಂದು, "ಹುಡುಗಿ ತಿಳೀದ ಅಂದಾಳ್ರಿ, ಹೊಟ್ಯಾಗ ಹಾಕ್ಕೋರಿ ಅಯ್ಯಾರ" ಅಂತ ನನ್ನ ಕಾಲ ತೊಳದ್ಲು. ಥಂಡಿ ದಿನಾ. ಬ್ಯಾಡ ಅಂದ್ರೂ ಕೇಳವಲ್ಲಳು. ಮುಂದ ಅದಽ ರೂಢಿ ಬಿತ್ತು. ನಾ ಇಸವಿ ತಪ್ಪೂದು, ಮಗಳು ಬಯ್ಯೂದು, ಅವ್ವ ತಂಬಿಗಿ ತರೂದು.

ಆ ಥಂಡ್ಯಾಗ ನಾ ಇತಿಹಾಸದ ಇಸವಿ ಎಲ್ಲಾ ಬಾಯಿಪಾಠ ಮಾಡಿದೆ, ಆ ಪೇಪರೂ ಪಾಸಾದೆ. ಮ್ಯಾಡಂ ತನ್ನ ಕಲಸೂ ರೀತಿ ಭಾಳ ಚಲೋ ಅಂತ ಇವತ್ತಿಗೂ ತಿಳಕೊಂಡಾಳ. ಕಲಿಸಿದ್ದು ತಂಬಿಗಿ.

ಇಂಗ್ಲಂಡದ ಮಂತ್ರ

ಮಗಳನ್ನ ಇಚಲಕರಂಜಿಗೆ ಕೊಟ್ಟೇವಿ. ಓಣಿ ತುಂಬ ಮಗ್ಗ, ಹಗಲೂರಾತ್ರಿ ಖಟಾಖಟ್ ಖಟಾಖಟ್. ಎರಡನೇ ವರ್ಷದ ಪರೀಕ್ಷೆ ಮುಂದ ಓದಾಕ ಅಲ್ಲಿಗೆ ಹೋದೆ. ಆ ಗದ್ದಲದಾಗ ಹೆಂಗ ಓದ್ತೀರಿ ಅಂತ ಮಗಳು ಕೇಳಿದ್ಲು. ಮಗ್ಗ ಬಂದು ಕಾಲ ಬೀಳಂಗಿಲ್ಲಲ್ಲವಾ ಅಂದೆ.

ಆದ್ರ ಅಳಿಯ ಸುಮ್ಮನಿರಬೇಕಲ್ಲ. ಬಾಜೂ ಮನಿ ಮಾಲಕಗ, ನಮ್ಮ ಮಾವನೋರು ಅಯ್ಯಾರು ಅಂತ ಹೇಳಿಬಿಟ್ಟಿದ್ದ. ಆ ಮಾಲಕ ಹೊಸ ಮಗ್ಗ ಕುಂದರಿಸಿ ಪೂಜಿಗೆ ಮಂದಿ ಕರದಿದ್ದ, ಪೂಜಿ ಮಾಡಾಂವ ಬಂದಿರಲಿಲ್ಲ. ಓಡ್ಕೋತ ಬಂದ.

"ನಾ ಪೂಜಿ ಬಿಟ್ಟೇನ್ರಿ. ನನಗ ದೇವರ ಮ್ಯಾಲ ನಂಬಿಕಿ ಇಲ್ಲ" ಅಂದೆ.

"ಇರಲಿ ಬಿಡ್ರಿ, ನನಗೂ ಈ ಮಗ್ಗದ ಮ್ಯಾಲ ನಂಬಿಕಿ ಇಲ್ಲ. ಏನರೆ ನಾಕು ಮಾತು ಹೇಳ್ರಿ, ಮುಂಜಾನಿಂದ ಮಂದಿ ಹಸಕೊಂಡು ಕುಂತಾರ."

ಮಗ್ಗದ ಬಗ್ಗೆ ನನಗ ಗೊತ್ತಿದ್ದದ್ದು ಒಂದಽ, ಇಂಗ್ಲಂಡದ ಔದ್ಯೋಗಿಕ ಕ್ರಾಂತಿ. ಅದು ಪರೀಕ್ಷೆಕ್ಕೂ ಬರೂದಿತ್ತು. ಮಗ್ಗದ ಮುಂದ ನಿಂತು ಸುರು ಮಾಡಿದೆ. ನೂಲು ತಗಿಯೂ ಯಂತ್ರ ಹೆಂಗ ಬಂತು, ಉಗಿ ಹೆಂಗ ಹಿಡದ್ರು, ಹಳ್ಳಿ ಬಿಟ್ಟು ಮಂದಿ ಕಾರಖಾನಿಗೆ ಹೆಂಗ ಹೋದ್ರು. ಎಲ್ಲಾರೂ ಚಕ್ಕಳಮಕ್ಕಳ ಹಾಕಿ ಕೈಮುಗದು ಕೇಳಿದ್ರು. ನಾ ಉಸಿರು ತಗೊಂಡಲ್ಲೆಲ್ಲಾ ಒಬ್ಬ ಅಜ್ಜಿ "ಹರಹರ" ಅಂತಿದ್ಲು. ಕೈಮಗ್ಗದವರ ಹೊಟ್ಟಿ ಮ್ಯಾಲ ಕಲ್ಲು ಬಿತ್ತು ಅಂದಾಗ ಹೆಣ್ಣಮಕ್ಕಳು ಸೆರಗಲೆ ಕಣ್ಣ ಒರಸಿಕೊಂಡ್ರು. ಮುಗದ ಕೂಡ್ಲೆ ಮಂಗಳಾರತಿ ಎತ್ತಿ ಬಟನ್ ಒತ್ತಿದ್ರು.

ಮಗ್ಗ ಆವತ್ತಿಡೀ ಒಂದು ಎಳಿ ಹರೀಲಾರದಂಗ ಓಡ್ತು. ಮರುದಿನ ಓಣಿ ಮಾಲಕರೆಲ್ಲಾ ಮಗಳ ಬಾಗಲಾಗ. "ನಮ್ಮ ಮಗ್ಗಕ್ಕೂ ಆ ಇಂಗ್ಲಂಡದ್ದು ಓದ್ರಿ ಅಯ್ಯಾರ." ಓದಿದೆ. ಓದಿ ಓದಿ ನನಗ ಪೂರಾ ಬಾಯಿಪಾಠ ಆತು.

ಪರೀಕ್ಷೆದಾಗ ಅದಽ ಪ್ರಶ್ನೆ ಬಂತು. ಭಾರೀ ಬರದೆ. ಬರದು ಮುಗಿಸಿದ ಮ್ಯಾಲ ಏನೋ ಬಿಟ್ಟೇನಿ ಅಂತ ಒಂದಽ ಸವನ ಅನಸಾಕತ್ತು. ಹೊರಗ ಬಂದ ಮ್ಯಾಲ ಹೊಳೀತು. ಮಂಗಳಾರತಿ.

ದೇವರು ಇಲ್ಲಂದ್ರ ಲುಕ್ಸಾನ ಏನು

ಕಡೀ ವರ್ಷ. ಇದೊಂದು ದಾಟಿದ್ರ ನಾ ಪಾರು. ಊರವರಿಗೂ ಇದಽ ಕಡೀ ಆಸೆ.

ಆ ವರ್ಷ ಹೆಂಡತಿ ಸೋಮವಾರ ಉಪಾಸ ಹಿಡದ್ಲು. ನನಗ ಮೈ ಉರೀತು. ನಾ ಕಣ್ಣ ಕೆಂಪ ಮಾಡ್ಕೊಂಡು ಓದೂದು, ಪಾಸಾದ್ರ ಹೆಸರು ದೇವರಿಗೆ ಹೋಗೂದು!

"ನನ್ನ ಪಾಸಿನ ಸಲುವಾಗಿ ನೀ ಹಸಕೊಂಡು ಇರಬ್ಯಾಡ" ಅಂದೆ.

"ನೀವು ಪಾಸಾಗ್ಲಿ ಅಂತ ನಾ ಒಂದು ಹೊತ್ತೂ ಹಸದಿಲ್ರಿ. ಬೇಕಾದ್ರ ಆಣಿ ಮಾಡ್ತೇನಿ" ಅಂದ್ಲು. ಮೊಣಕಾಲು ನೋವಿಗೆ ಯಾರೋ ಹೇಳಿರಬೇಕು ಅಂತ ಸುಮ್ಮನಾದೆ. ದಿನಾ ನಸಕಿನ್ಯಾಗ ನನಕಿಂತ ಮೊದಲ ಎದ್ದು ಚಹಾ ಮಾಡಿ ಪುಸ್ತಕದ ಬಾಜೂ ಇಡ್ತಿದ್ಲು, ಪಾಪ.

ಹಿಂಗಿರ್ತ ಒಂದಿನ ಕುರಿ ಕಾಯೂ ಮುತ್ಯಾ ಒಬ್ಬ ಚರಗಿ ತುಂಬ ಹಾಲು ಹಿಡಕೊಂಡು ಬಂದ. ಅವನ ಮನ್ಯಾಗ ಮೂರು ಮೊಮ್ಮಕ್ಕಳಿಗೆ ನಾನಽ ಹೆಸರಿಟ್ಟಾಂವ.

"ಗುಡ್ಯಾಗ ಒಂದು ಅಭಿಷೇಕ ಆಗಬೇಕಾಗಿತ್ರಿ ಅಯ್ಯಾರ."

"ನಾ ಬಿಟ್ಟೇನಿ ಮುತ್ಯಾ. ನಮ್ಮ ತಮ್ಮ ಮಾಡ್ತಾನ."

"ಅವರು ಮಾಡಿದ್ದಕ್ಕ ನನ್ನ ಕೆಮ್ಮ ಸುದ್ದಾ ಹೋಗಲಿಲ್ರಿ. ನಿಮ್ಮ ಕೈಗುಣಾನಽ ಬ್ಯಾರೆ."

"ಏನ ಸಲುವಾಗಿ ಅಭಿಷೇಕ?"

ಮುತ್ಯಾ ರುಮಾಲು ಬಿಚ್ಚಿ ಸುತ್ತಿಕೊಂಡ. ನೆಲಾ ನೋಡಿದ. "ನೀವು ಫೇಲ್ ಆಗ್ಲಿ ಅಂತ ರೀ."

"ನಾ ಫೇಲ್ ಆಗ್ಲಿ ಅಂತ ನಾನಽ ಹಾಲು ಎರೀಲೇನು?"

"ನೀವು ಬೇಡಿದ್ರ ದೇವರು ಲಗೂನ ಕೇಳ್ತಾನ್ರಿ. ಮೊಮ್ಮಗಳ ಮದವಿ ಬಂದೈತಿ. ನಿಮ್ಮ ಕೈಲೆ ನಾಕು ಅಕ್ಕಿಕಾಳ ಬಿದ್ರ ನನ್ನ ಜೀವಕ್ಕ ಸಮಾಧಾನ."

ಈ ಮನಷ್ಯಾ ನನ್ನ ಕೆಟ್ಟದ್ದು ಬಯಸಾಕ ಬಂದಿರಲಿಲ್ಲ. ಬಾಜೂ ಕುಂದರಿಸಿಕೊಂಡು ಮೆತ್ತಗ ಹೇಳಿದೆ, "ಮುತ್ಯಾ, ದೇವರು ಇಲ್ಲ ಅಂತ ನನಗ ಅನಸೇತಿ."

ಅವ ನನ್ನ ಮುಖಾ ನೋಡಿದ. "ದೇವರಽ ಇಲ್ಲ ಅಂದ್ರ, ಮಾಡಾಕ ನಿಮಗ ಅಂಜಿಕಿ ಯಾಕ್ರಿ?"

ಬಿ.ಎ. ಮೂರೂ ವರ್ಷದಾಗ ಅಷ್ಟು ಕಠಿಣ ಪ್ರಶ್ನೆ ನನಗ ಯಾರೂ ಕೇಳಿರಲಿಲ್ಲ. ಹಾಲು ಒಳಗ ಕೊಟ್ಟು ಚಹಾ ಮಾಡಸಿ ಇಬ್ಬರೂ ಕುಡದ್ವಿ. ಪ್ರಶ್ನೆ ಬಿಟ್ಟು ಮುಂದ ಹೋದೆ.

ಪೇಡೆ ಯಾವುದರದು

ಕಡೀ ರಿಜಲ್ಟ್ ಮೊಬೈಲಿನಾಗ ಬಂತು, ಪಾಸ್ ಅಂತ. ನನಗ ನಂಬಿಕಿ ಬರಲಿಲ್ಲ. ನಂಬೂ ಚಟಾನ ಹೋಗಿತ್ತಲ್ಲ. ಕೋಲ್ಹಾಪುರದ ಯೂನಿವರ್ಸಿಟಿಗೆ ಹೋಗಿ ಕೇಳಿದೆ. ಖಿಡಕಿ ಹಿಂದ ಕುಂತ ಹೆಣ್ಣಮಗಳು ಮುಖಾ ಎತ್ತಲಾರದಽ "ಪಾಸ್ ಆಹಾತ, ಪುಢೇ ಸರಕಾ" ಅಂದ್ಲು. ಪಾಸಾಗೀರಿ, ಮುಂದ ಸರೀರಿ. ನನ್ನ ಯಾರೂ ಅಷ್ಟು ಚಂದ ದಬ್ಬಿರಲಿಲ್ಲ. ಮಾಸ್ತರ ನೆನಪಾದ್ರು. ಅಲ್ಲೇ ಗ್ವಾಡಿಗೆ ಒರಗಿ ನಿಂತು ಸ್ವಲ್ಪ ಅತ್ತೆ. ಆಮ್ಯಾಲ ಪೇಡೆ ತಗೊಂಡು ಎಸ್ಟಿ ಬಸ್ಸು ಹತ್ತಿದೆ.

ಊರ ಸ್ಟ್ಯಾಂಡಿನಾಗ ಮಂದಿ ಕಾಯಾಕತ್ತಿದ್ರು. ನನ್ನ ಕೈಯಾಗ ಪೇಡೆ ಡಬ್ಬಿ ನೋಡಿದ್ರು, ಆದ್ರ ಒಬ್ಬರಿಗೂ ತಿಳೀಲಿಲ್ಲ. ನಾ ಫೇಲ್ ಆದಾಗೂ ಪೇಡೆ ಹಂಚಿದಾಂವ. ಕುರಿ ಮುತ್ಯಾ ಪೇಡೆ ಕೈಯಾಗ ಹಿಡಕೊಂಡು ಬಾಯಿಗೆ ಒಯ್ಯವಲ್ಲ. "ಮೊದಲ ಹೇಳ್ರಿ ಅಯ್ಯಾರ, ಇದು ಯಾವುದರ ಪೇಡೆ?"

"ಪಾಸಿಂದು ಮುತ್ಯಾ."

ಪೇಡೆ ಸಣ್ಣಗ ಮುರದು ಬಾಯಾಗ ಹಾಕ್ಕೊಂಡ. "ಸಿಹಿ ಕಡಿಮಿ ಐತ್ರಿ" ಅಂದ. ಮೊಮ್ಮಗಳ ಮದವಿಗೆ ಊಟಕ್ಕರೆ ಬರ್ರಿ ಅಂದ. ಬರ್ತೇನಿ, ಎಲ್ಲಾರ ಸಾಲಿನಾಗ ಕುಂದ್ರತೇನಿ ಅಂದೆ.

ಮನಿಗೆ ಬಂದೆ. ಹೆಂಡತಿ ಸುದ್ದಿ ಕೇಳಿದ್ಲು. ಆಮ್ಯಾಲ ಬಾಗಲ ಹಿಂದಿನ ಗೂಟದಿಂದ ಜೋಳಗಿ ತಗದು ನನ್ನ ಕೈಯಾಗ ಕೊಟ್ಲು. ನನ್ನ ಜೀವ ಹಾರಿತು.

"ಸಂತಿಗೆ ಹೋಗಿ ಬದನಿಕಾಯಿ ತರ್ರಿ. ಇನ್ನ ಇದು ಅದಕ್ಕಽ."

ನಾ ಹಿಗ್ಗಿದೆ. ಗೆದ್ದ ಗಂಡಸು ಸುಮ್ಮನಿರಬೇಕಿಲ್ಲೊ! ಕೆಣಕಿದೆ, "ಈಗರೆ ಖರೇ ಹೇಳು. ಆ ಸೋಮವಾರದ ಉಪಾಸ ನನ್ನ ಪಾಸಿಗಽ ಅಲ್ಲ?"

"ಆವತ್ತಽ ಹೇಳಿದ್ನೆಲ್ರಿ, ಅಲ್ಲಂತ."

"ಮತ್ಯಾಕ?"

"ನೀವು ಫೇಲ್ ಆಗ್ಲಿ ಅಂತ."

ನಾ ಕುಂತೆ. ಆಕಿ ನಿಂತಽ ಇದ್ಲು. ಸೆರಗು ಬಾಯಿಗೆ ಹಿಡಕೊಂಡು ಹೇಳಿದ್ಲು, "ಮದವಿ ಆಗಿ ಬಂದಾಗಿಂದ ಊರಾನ ಹೆಣ್ಣಮಕ್ಕಳೆಲ್ಲಾ ನನ್ನ ಅಮ್ಮಾರ ಅಂತಿದ್ರು. ನೀವು ಬಿಟ್ಟ ಮರುದಿನದಿಂದ ನಳದ ಮುಂದ ಎಲ್ಲಾರೂ ಅಕ್ಕಾ ಅಂತಾರ, ಕೊಡಾ ಸರಸು ಅಂತಾರ. ನನಗ ಭಾಳ ಕೆಟ್ಟ ಅನಸ್ತಿತ್ರಿ. ನೀವು ನನ್ನ ಒಂದು ಮಾತು ಕೇಳಿದ್ರೇನು? ಅದಕ್ಕ ದೇವರ ಮುಂದ ಕುಂತೆ."

ಆಕಿ ಹೇಳಿದ್ದು ಖರೇ ಇತ್ತು. ಜಗಲಿ ಮ್ಯಾಲ ಲಿಂಗಾ ಇಟ್ಟ ದಿನ ಆಕಿ ಕಳಕೊಂಡದ್ದು ಏನು ಅಂತ ಯಾರೂ ಕೇಳಿರಲಿಲ್ಲ. ಕಡೀಕ, "ಮತ್ತ ನಸಕಿನ್ಯಾಗ ಚಹಾ ಯಾಕ ಮಾಡಿಕೊಡ್ತಿದ್ದಿ?" ಅಂದೆ.

"ಹರಕಿ ದೇವರಿಗೆ, ಚಹಾ ಗಂಡಗ. ಅದಕ್ಕೂ ಇದಕ್ಕೂ ಏನ ಸಂಬಂಧ್ರಿ?"

"ಹಂಗಾರ ನೋಡು, ಇಷ್ಟೆಲ್ಲಾ ಉಪಾಸ ಮಾಡಿದ್ರೂ ನಾ ಪಾಸಾದೆ. ದೇವರು ಇಲ್ಲ ಅಂತ ಈಗರೆ ಒಪ್ಪತೀಯೇನು?"

ಆಕಿ ಕಣ್ಣ ಒರಸಿಕೊಂಡು ಜಗಲಿ ಕಡೆ ಒಮ್ಮೆ ನೋಡಿದ್ಲು, ನನ್ನ ಕಡೆ ಒಮ್ಮೆ ನೋಡಿದ್ಲು.

"ಅದಾನ್ರಿ. ಅವನಿಗೂ ನೀವು ತಿರಗಿ ಬರೂದು ಬ್ಯಾಡಾಗಿತ್ತು, ಅಷ್ಟಽ."